ಕವಲು ದಾಟದ ಚಾವಿ ರೈಲು

"ನಿನ್ನ ಅಂಜಿಕಿ ಇವತ್ತ ರಿಪೇರಿ ಮಾಡೇ ತೀರತೇನಿ! ಈ ಕೈಲೆ ಆಗದ ರಿಪೇರಿ ಭೂಮಿ ಮ್ಯಾಲ ಇನ್ನೂ ಹುಟ್ಟಿಲ್ಲ!"

ಬೈಲಹೊಂಗಲದ ನಿಜಗುಣಪ್ಪ ಪಡಸಾಲೆಯ ನಟ್ಟನಡುವೆ ನಿಂತು, ಬಗಲಲ್ಲೊಂದು ಗಂಟು ಅವುಚಿಕೊಂಡು, ಇನ್ನೊಂದು ಕೈಯನ್ನು ತೊಲೆಗೆ ತಾಗುವಂತೆ ಎತ್ತಿ ಈ ಘೋಷಣೆ ಮಾಡಿದ. ಪಡಸಾಲೆಯ ಅಂಚಿನ ಮೇವಿನ ಗೋದಲಿಯ ಮುಂದಿನ ಎತ್ತುಗಳು ಮೆಲುಕು ನಿಲ್ಲಿಸಲಿಲ್ಲ. ಜೋಳ ಹಸನು ಮಾಡುತ್ತಿದ್ದ ಹೆಂಡತಿ ರಾಯವ್ವ ಮೊರ ನಿಲ್ಲಿಸಲಿಲ್ಲ.

"ನಿನ್ನಿ ಬಾಗಲ ಚಿಲಕಾ ರಿಪೇರಿ ಮಾಡಿದ್ರಿ," ಎಂದಳು ತಲೆ ಎತ್ತದೆ. "ಇವತ್ತ ಮುಂಜಾನಿ ಇಬ್ಬರೂ ಹಿತ್ತಲ ಗ್ವಾಡಿ ಹಾರಿ ಹೊರಗ ಬಂದ್ವಿ."

"ಅದು ಚಿಲಕದ ತಪ್ಪು!"

ನಿಜಗುಣಪ್ಪನ ಸಿಟ್ಟು ಊರಿಗೆಲ್ಲ ಗೊತ್ತು. ಒಲೆಯ ಮೇಲಿನ ಹಾಲಿಗೂ ಉಕ್ಕುವ ಮೊದಲು ಒಂದಿಷ್ಟು ಪುರುಸೊತ್ತು ಬೇಕು. ಅವನಿಗೆ ಅದೂ ಬೇಡ. ಚಿಕ್ಕಂದಿನಲ್ಲಿ ಮಗ್ಗಿಯ ವಿಷಯಕ್ಕೆ ಮಾಸ್ತರರೊಡನೆ ಜಗಳ ತೆಗೆದು ಶಾಲೆಗೆ ಶರಣು ಹೊಡೆದವನು; ಏಳೆಂಟಲೆ ಎಷ್ಟು ಎಂಬ ಬಗ್ಗೆ ಅವನ ಮತ ಇಂದಿಗೂ ಬದಲಾಗಿಲ್ಲ. ಆದರೆ ಚಕ್ಕಡಿ ಹೂಡಿ ಕೂತನೆಂದರೆ ಅವನೇ ರಾಜ. ಊರಿನ ಹತ್ತಿಯನ್ನು ಅಂಡಿಗೆ, ಅಂದರೆ ದೊಡ್ಡ ಗಂಟು, ಕಟ್ಟಿಸಿ ಬೆಳಗಾವಿಯ ರೈಲು ಸ್ಟೇಶನ್ನಿಗೆ ಮುಟ್ಟಿಸುವುದು ಅವನ ಕಸುಬು. ರೈಲು ಬೆಳಗಾವಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಬೈಲಹೊಂಗಲಕ್ಕೆ ಬರುವ ಮನಸ್ಸನ್ನು ಅದು ಇನ್ನೂ ಮಾಡಿರಲಿಲ್ಲ. ಹಾಗಾಗಿ ಊರಲ್ಲಿ ರೈಲಿನ ವಕಾಲತ್ತೆಲ್ಲ ನಿಜಗುಣಪ್ಪನದೇ. ಅಗಸಿಕಟ್ಟೆಯ ಮೇಲೆ ಕೂತು ಅವನು ಹೇಳುವುದನ್ನು ಕೇಳಿದವರಿಗೆ, ರೈಲು ಇವನ ತಂಗಿಯ ಮಗನೇ ಇರಬೇಕು, ಇವನ ತೊಡೆಯ ಮೇಲೇ ಕಿವಿ ಚುಚ್ಚಿಸಿಕೊಂಡಿರಬೇಕು ಅನ್ನಿಸುತ್ತಿತ್ತು.

ಅಂಥವನ ಮನೆಯಲ್ಲೇ ರೈಲಿಗೆ ಅಪಮಾನವಾಗಿತ್ತು!

ಒಬ್ಬಳೇ ಮಗಳು ಕೃಷ್ಣವ್ವನನ್ನು ಮಿರಜಿಗೆ ಕೊಟ್ಟಿದ್ದರು. ಅಳಿಯ ಶಂಕರೆಪ್ಪ ಅಲ್ಲಿ ರೈಲಿನ ನೌಕರ. ಹಳಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ನಿಂತು, ಕಬ್ಬಿಣದ ಹಿಡಿಕೆ ಎಳೆದು, ಗಾಡಿಗೆ ಎಡವೋ ಬಲವೋ ತೋರಿಸುವುದು ಅವನ ಕೆಲಸ. ಈಗ ಕೃಷ್ಣವ್ವ ಚೊಚ್ಚಲ ಬಸುರಿ. ತವರಿನವರು ಹಸಿರು ಸೀರೆ, ಕುಬಸ, ಬುಟ್ಟಿ ತುಂಬ ಬುತ್ತಿ ಒಯ್ದು, ಉಡಿ ತುಂಬಿ, ಕುಬಸವೆಂಬ ಸೀಮಂತದ ಶಾಸ್ತ್ರ ಮಾಡಿ, ಹೆರಿಗೆಗೆ ಮಗಳನ್ನು ಕರೆತರಬೇಕು. "ತಾಯಿ ಬಂದು ಕುಬಸ ಮಾಡಿ ಕರಕೊಂಡ ಹೋದರ ಕಳಸತೇವಿ, ಇಲ್ಲಾಂದರ ಬಾಣಂತನ ಇಲ್ಲೇ" ಎಂದು ಬೀಗರು ಹೇಳಿ ಕಳಿಸಿದ್ದರು. ಮಾತು ಸರಳ. ಆದರೆ ರಾಯವ್ವ ರೈಲು ಹತ್ತಲು ಒಲ್ಲೆ ಎಂದು ಕೂತಿದ್ದಳು.

"ನಾ ಚಕ್ಕಡ್ಯಾಗ ಬರತೇನಿ."

"ಮಿರಜಿಗೆ ಚಕ್ಕಡ್ಯಾಗ? ಘಟಪ್ರಭಾ ದಾಟಿ, ಕೃಷ್ಣಾ ದಾಟಿ ನಾವು ಮುಟ್ಟೂದ್ರಾಗ ಕುಬಸ ಅಲ್ಲ, ಕೂಸಿನ ಜಾವಳಾನ ಮುಗದಿರತೈತಿ!"

"ಮುಗೀಲಿ. ಹಳಿ ಸೀಳಿದಲ್ಲಿ ಗಾಡಿಗೆ ಯಾವ ಕಡೆ ಹೋಗಬೇಕಂತ ತಿಳೀದ ಅರ್ಧಾ ಈ ಕಡೆ, ಅರ್ಧಾ ಆ ಕಡೆ ಹೊಂಡತೈತಂತ. ಧೋತರ ಹರದಂಗ ಚರ್ರ್ ಅಂತೈತಂತ. ಕೆಂಚವ್ವಕ್ಕ ಹೇಳ್ಯಾಳ. ಬಸುರಿ ಹುಡಿಗಿನ ಅದರಾಗ ಕುಂಡ್ರಿಸಿಕೊಂಡ ಬಾ ಅಂತೀರಲ್ಲ, ನಿಮಗ ಎದಿ ಅನ್ನೂದ ಐತೋ ಇಲ್ಲೋ?"

"ಬಾಜೂಮನಿ ಕೆಂಚವ್ವ ಹೂಲಿ ಊರ ದಾಟಿ ಆಚಿಗೆ ಹೋದಾಕಿ ಅಲ್ಲ! ಅಲ್ಲಿ ಹಳಿ ತಿರುವಾವ ಯಾರು? ನಮ್ಮ ಅಳಿಯಾ!"

"ಅದಕ್ಕ ಅಂಜಿಕಿ! ಲಗ್ನದಾಗ ಅಯ್ಯನವರು 'ಬಲಗಾಲ ಮುಂದ ಇಡಪಾ' ಅಂದ್ರ ಎಡಗಾಲ ಇಟ್ಟಾವ ಅಂವಾ. ಇನ್ನೊಮ್ಮಿ ಒದರಿ ಹೇಳಿದ್ರ ಗಾಬರ್ಯಾಗಿ ಎರಡೂ ಕಾಲ ಕೂಡಿಸಿ ಜಿಗದ! ಅಂಥಾವನ ಕೈಯಾಗ ಎಡ-ಬಲ ಕೊಟ್ಟಾರಲ್ರಿ ರೈಲಿನವರು!"

ಅಳಿಯ ಜಿಗಿದದ್ದನ್ನು ನಿಜಗುಣಪ್ಪನೂ ನೋಡಿದ್ದ. ಮಾತಿನಲ್ಲಿ ಸೋತಾಗ ಅವನಿಗೆ ಎರಡೇ ದಾರಿ: ಒದರುವುದು, ಇಲ್ಲವೇ ಎದ್ದು ಹೋಗುವುದು. ಆ ದಿನ ಎರಡನ್ನೂ ಮಾಡಿದ. ಆದರೆ ಮುಂಜಾನೆ ಬೀಸುವ ಕಲ್ಲಿನ ಮುಂದೆ ಕೂತು ರಾಯವ್ವ ಹಾಡುವ ಹಾಡು ಇತ್ತೀಚೆಗೆ ನಡುವೆಯೇ ನಿಲ್ಲುತ್ತಿತ್ತು. ಕಲ್ಲು ತಿರುಗುತ್ತಿತ್ತು, ಹಾಡು ಇರುತ್ತಿರಲಿಲ್ಲ. ಹೊದಿಕೆಯೊಳಗೆ ಮಲಗಿದ್ದ ನಿಜಗುಣಪ್ಪನಿಗೆ ಆ ಬರಿಯ ಕಲ್ಲಿನ ಸದ್ದು ಎದೆಯ ಮೇಲೇ ಬೀಸಿದಂತಾಗುತ್ತಿತ್ತು. ಮಗಳು ಬೇಕು, ರೈಲು ಬೇಡ, ರೈಲಿಲ್ಲದೆ ಮಗಳಿಲ್ಲ. ಪಾಪ, ಅವಳಾದರೂ ಏನು ಮಾಡಿಯಾಳು?

ಅದಕ್ಕೇ ಈಗ ಬಗಲಲ್ಲಿ ಗಂಟು! ಪೇಟೆಯಲ್ಲಿ ಕಂದೀಲು, ಕನ್ನಡಿ, ಗಡಿಯಾರಗಳ ಅಂಗಡಿ ಇಟ್ಟ ಬಾಬುಸಾಬ ಅವನ ಹಿಂದೆಯೇ ಬಂದು ಕಟ್ಟೆಯ ಮೇಲೆ ಕೂತ. ಬೆಳಗಾವಿ ದಂಡಿನ ಸಾಹೇಬನೊಬ್ಬ ವಿಲಾಯತಿಗೆ ಹೊರಟಾಗ ಅವನ ಸಾಮಾನು ಹರಾಜಾಗಿತ್ತಂತೆ. ಅದರಲ್ಲಿ ಬಾಬುಸಾಬನ ಪಾಲಿಗೆ ಬಂದದ್ದು ಈ ಆಟದ ರೈಲು. ಗೇಣುದ್ದದ ಕೆಂಪು ಇಂಜಿನ್ನು, ಹಿಂದೆ ಎರಡು ಡಬ್ಬಿ, ತಗಡಿನ ಹಳಿಯ ತುಂಡುಗಳು. ಹೊಟ್ಟೆಗೆ ಚಾವಿ ತಿರುವಿ ಬಿಟ್ಟರೆ ತಾನೇ ಓಡುವ ಜರ್ಮನ್ ಮಾಲು! ಎಲ್ಲಕ್ಕಿಂತ ಮುಖ್ಯ, ಅದರಲ್ಲಿ ಒಂದು ಕವಲು ಹಳಿಯೂ ಇತ್ತು.

"ವೈನಿ, ನೋಡ್ರಿ ಬರ್ರಿ," ಎಂದ ಬಾಬುಸಾಬ. "ಖರೇ ರೈಲಿನ ಸಣ್ಣ ತಮ್ಮ ಇದು. ಇದು ದಾಟಿದರ ಅದೂ ದಾಟತೈತಿ."

ನಿಜಗುಣಪ್ಪ ಸಾರಿಸಿದ ನೆಲದ ಮೇಲೆ ಹಳಿ ಜೋಡಿಸಿದ. ಒಂದು ದೊಡ್ಡ ಸುತ್ತು. ಆ ಸುತ್ತಿನ ಒಂದು ಕಡೆ ಕವಲು. ಕವಲಿನಿಂದ ಹೊರಟ ಹಳಿ ಬೀಸುವ ಕಲ್ಲಿನ ಮೂಲೆಗೆ ಹೋಗಿ ಮುಗಿಯುವುದು.

"ಬಾಗಲದ ಕಡೆ ಬೆಳಗಾವಿ. ಬೀಸೂ ಕಲ್ಲು ಅಂದ್ರ ಮಿರಜಿ. ಈಗ ನೋಡು, ನಿನ್ನ ಕೆಂಚವ್ವನ ಮಾರಿ ಹೆಂಗ ಆಗತೈತಿ!"

"ತಡೀರಿ. ಪೂಜಿ ಮಾಡದ ಹೊಸಾ ಗಾಡಿ ಓಡಸ್ತಾರೇನು?"

ಇದು ನ್ಯಾಯವಾದ ಮಾತು. ರಾಯವ್ವ ಇಂಜಿನ್ನಿಗೆ ಅಡ್ಡವಾಗಿ ಮೂರು ಬೊಟ್ಟು ವಿಭೂತಿ ಎಳೆದಳು, ಕುಂಕುಮ ಹಚ್ಚಿದಳು, ಹೊಗೆಕೊಳವೆಗೊಂದು ಹೂವು ಸಿಕ್ಕಿಸಿದಳು. ಜರ್ಮನ್ ಮಾಲು ಈಗ ಸಾಕ್ಷಾತ್ ಮಠದ ಅಯ್ಯನವರ ಹಾಗೆ ಕಾಣತೊಡಗಿತು. ನಿಜಗುಣಪ್ಪ ಚಾವಿ ತಿರುವಿದ. ಬಿಟ್ಟ.

ಗರ್ರ್ರ್! ಅಯ್ಯನವರು ಹೊರಟರು! ಬೆಳಗಾವಿ ಬಿಟ್ಟರು, ಗೋದಲಿ ದಾಟಿದರು, ಸುತ್ತು ಬಳಸಿ ಕವಲಿಗೆ ಬಂದರು. ಟಕ್! ನಿಂತರು.

"ನಿಂತಿತಲ್ರಿ," ಎಂದಳು ರಾಯವ್ವ.

"ದಣಿದೈತಿ! ಜರ್ಮನಿಯಿಂದ ಬಂದೈತಿ, ದಣಿಯೂದಿಲ್ಲೇನು?"

ಕೈಯಿಂದ ಎತ್ತಿ ಹಿಂದಿಟ್ಟು ಬಿಟ್ಟರೆ ಮತ್ತೆ ಚೆನ್ನಾಗಿ ಓಡುತ್ತಿತ್ತು. ಕವಲು ಬಂದರೆ ಮತ್ತೆ ಟಕ್! ಚಾವಿ ಪೂರ್ತಿ ತುಂಬಿದರೂ ಟಕ್. ಡಬ್ಬಿ ಬಿಚ್ಚಿ ಇಂಜಿನ್ನೊಂದನ್ನೇ ಬಿಟ್ಟರೂ ಟಕ್. ರಾಯವ್ವ ಬಗ್ಗಿ, ಗಲ್ಲಕ್ಕೆ ಕೈ ಹಚ್ಚಿಕೊಂಡು, ನಿಂತ ಇಂಜಿನ್ನನ್ನೇ ತುಂಬಾ ಹೊತ್ತು ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ಅದು ನಿಜಗುಣಪ್ಪನಿಗೆ ಚಡಿಯೇಟಿನಂತೆ ಬಿತ್ತು.

"ನಗಾಕ ಒಳಗ ಹೋದಳು ನೋಡು ಬಾಬುಸಾಬ! ಇದನ್ನ ಸರಿ ಮಾಡದಿದ್ದರ ನಾ ಚಕ್ಕಡಿ ಹೊಡಿಯೂದ ಬಿಡತೇನಿ!"

ಮರುದಿನದಿಂದ ಶುರುವಾಯಿತು ಚಿಕಿತ್ಸೆ. ಚಕ್ಕಡಿಯವನಿಗೆ ತಿಳಿದ ಔಷಧ ಚಕ್ಕಡಿಯ ಔಷಧವೇ. ಅಚ್ಚಿಗೆ ಹಚ್ಚುವ, ಮಸಿ ಕಲಸಿದ ಕೀಲೆಣ್ಣೆಯನ್ನು ತಂದು ಇಂಜಿನ್ನಿನ ಗಾಲಿಗೆಲ್ಲ ಬಳಿದ. ಗಾಲಿಗೆ ಹಿತವಾದದ್ದು ಹಳಿಗೂ ಹಿತವೇ ಎಂದು ಹಳಿಗೂ ಬಳಿದ. ಈಗ ಗಾಲಿಗಳು ಗಿರಗಿರ ತಿರುಗಿದವು, ಇಂಜಿನ್ನು ಮಾತ್ರ ನಿಂತಲ್ಲೇ ನಿಂತಿತು! ಕೆಸರಲ್ಲಿ ಸಿಕ್ಕ ಗಾಡಿಯಂತೆ ಕೀಲೆಣ್ಣೆಯನ್ನು ಹಿಂದಕ್ಕೆ ಚಿಮ್ಮಿತು. ಹಿಂದೆ ಕೂತಿದ್ದವನು ನಿಜಗುಣಪ್ಪ. ಹುಬ್ಬು, ಮೀಸೆ, ಹಲ್ಲು, ಎಲ್ಲ ಒಂದೇ ಬಣ್ಣವಾಯಿತು.

"ಯವ್ವಾ! ಮಾರಿ ಏನ ಮಾಡಿಕೊಂಡೀರಿ!" ಎಂದು ರಾಯವ್ವ ಬಂದು, ಗಂಡನನ್ನು ಅಲ್ಲೇ ಬಿಟ್ಟು, ಇಂಜಿನ್ನನ್ನು ಎತ್ತಿಕೊಂಡು ಹೋಗಿ ಬೂದಿ ಹಚ್ಚಿ ಮೆಲ್ಲಗೆ ಒರೆಸಿದಳು. ಕೂಸಿನ ಕಿವಿಯ ಹಿಂದೆ ಒರೆಸುವ ಹಾಗೆ ಗಾಲಿಯ ಸಂದಿಯನ್ನೆಲ್ಲ ಒರೆಸಿ, ಹಳಿಯ ಎಣ್ಣೆಯನ್ನೂ ತೆಗೆದಳು.

"ಕವಲ ಬಂದಲ್ಲಿ ನಿಂದರೂದು ಇನ್ನೂ ಐತೇನ್ರಿ?" ಎಂದು ಕೇಳಿದಳು.

"ಐತಿ!" ಎಂದು ಹಲ್ಲು ಕಡಿದ ನಿಜಗುಣಪ್ಪ. ಬಾಯಲ್ಲಿ ಕೀಲೆಣ್ಣೆಯ ರುಚಿ ಬಂತು.

ಮುಂದಿನ ಔಷಧ ಭಾರ. ಹಗುರಾದ ಚಕ್ಕಡಿ ಕುಣಿಯುತ್ತದೆ, ಭಾರ ಹೇರಿದ ಚಕ್ಕಡಿ ನೆಲ ಹಿಡಿಯುತ್ತದೆ. ತೂಕದ ಕಲ್ಲೊಂದನ್ನು ಇಂಜಿನ್ನಿನ ಬೆನ್ನಿಗೆ ಹುರಿಯಿಂದ ಬಿಗಿದ. ಅದು ಮುದುಕನಂತೆ ನರಳುತ್ತಾ ಕವಲಿನ ತನಕ ಬಂದು, ಟಕ್! ಕಲ್ಲಿನ ಸಮೇತ ನಿಂತಿತು. ಇನ್ನು ಉಳಿದದ್ದು ಬಾಯಿ. ನಿಜಗುಣಪ್ಪ ಬಾರಕೋಲು ಎತ್ತಿ, ಬೆಳಗಾವಿಯ ತನಕ ಕೇಳಿಸುವಂತೆ, "ಹೋ! ನಡೀ ನಿನ್ನ...! ಏಳ!" ಎಂದು ಗದರಿದ. ಗೋದಲಿಯ ಎತ್ತುಗಳು ತಮಗೇ ಅಂದನೆಂದು ದಡಬಡಿಸಿ ಎದ್ದು ನಿಂತವು. ರೈಲು ಕದಲಲಿಲ್ಲ.

"ನಿಜಗುಣಪ್ಪಣ್ಣಾ," ಎಂದ ಆಗಷ್ಟೇ ಒಳಗೆ ಬಂದ ಬಾಬುಸಾಬ, "ಅದಕ್ಕ ಕನ್ನಡ ಬರೂದಿಲ್ಲ."

"ಜರ್ಮನ್ಯಾಗ ಬೈಯಾಕ ನನಗ ಎಲ್ಲಿ ಬರತೈತಿ!"

ಸಿಟ್ಟಿನ ತುದಿಯಲ್ಲಿ ನಿಜಗುಣಪ್ಪ ಎಂದೂ ಮಾಡದ ಕೆಲಸವೊಂದನ್ನು ಮಾಡಿದ. ಮಾಮಲೇದಾರರ ಎದುರೂ ಬಗ್ಗದ ಆಸಾಮಿ, ಹೊಟ್ಟೆ ಹಚ್ಚಿ ನೆಲದ ಮೇಲೆ ಉದ್ದಕ್ಕೆ ಬಿದ್ದ. ಗಲ್ಲವನ್ನು ನೆಲಕ್ಕಿಟ್ಟು, ಒಂದು ಕಣ್ಣು ಮುಚ್ಚಿ, ಇಂಜಿನ್ನಿನ ಹೊಟ್ಟೆಯ ಕೆಳಗೆ ನೋಡಿದ. ಅಲ್ಲಿ, ಗಾಲಿಗಳ ನಡುವೆ, ಉಗುರಿನಷ್ಟು ಉದ್ದದ ಕಬ್ಬಿಣದ ನಾಲಗೆಯೊಂದು ಇಳಿಬಿದ್ದಿತ್ತು. ಕವಲಿನ ನಡುವೆ ತಗಡು ತುಸು ಉಬ್ಬಿತ್ತು. ನಾಲಗೆ ಅದಕ್ಕೆ ಬಡಿಯುವುದು, ಟಕ್ ಎಂದು ಮೇಲೆ ಸರಿಯುವುದು, ಗಾಲಿ ನಿಲ್ಲುವುದು!

"ಸಿಕ್ಕಿದ ಕಳ್ಳ! ಇಕ್ಕಳಾ ತಾ!"

"ತಡೀರಿ ಅಣ್ಣಾ. ಮಾಡಿದಾವ ಅದನ್ನ ಸುಮ್ಮನ ಇಟ್ಟಿರತಾನೇನು? ಗಾಡಿ ನಿಂದ್ರಸೂ ಲಗಾಮ ಇದ್ದರೂ ಇದ್ದೀತು."

"ಮಾಡಿದಾವ ಎಲ್ಲಿ ಅದಾನ? ಜರ್ಮನ್ಯಾಗ! ನಾ ಎಲ್ಲಿ ಅದೇನಿ? ಬೈಲಹೊಂಗಲದಾಗ!"

ಬಾಬುಸಾಬ ಇಕ್ಕಳ ತಂದು ಕೊಟ್ಟ. ಚಟ್! ನಾಲಗೆ ಮುರಿದು ಎಲ್ಲೋ ಹಾರಿತು.

ಮಿರಜಿಯ ಮೂಲೆಯಲ್ಲಿ, ಅಂದರೆ ಬೀಸುವ ಕಲ್ಲಿನ ಮುಂದೆ, ರಾಯವ್ವ ಕೂತು ಸಜ್ಜೆ ಬೀಸುತ್ತಿದ್ದಳು. ಕಲ್ಲಿನ ಸುತ್ತ ಹಿಟ್ಟು ಗುಡ್ಡೆಯಾಗಿತ್ತು. ನಿಜಗುಣಪ್ಪ ಇನ್ನು ತಿರುಗದು ಎನ್ನುವ ತನಕ ಚಾವಿ ತಿರುವಿದ.

"ಏ, ಇಲ್ಲೆ ನೋಡು! ಕಣ್ಣ ತಗದು ನೋಡು! ಹೊಂಟಿತು ಮಿರಜಿಗೆ!"

ಹೊರಟೇ ಹೊರಟಿತು! ಸುತ್ತು ಬಳಸಿ, ಕವಲಿಗೆ ಬಂದು, ಟಕ್ ಅನ್ನಲಿಲ್ಲ, ಪಕ್ ಅನ್ನಲಿಲ್ಲ, ಜರ್ರನೆ ದಾಟಿತು! ನಿಜಗುಣಪ್ಪ ತಲೆಯ ರುಮಾಲು ತೆಗೆದು ಮೇಲಕ್ಕೆ ತೂರಿದ. ರುಮಾಲು ಕೆಳಗೆ ಬೀಳುವುದರೊಳಗೆ ರೈಲು ಮಿರಜಿ ಮುಟ್ಟಿತ್ತು. ಮುಟ್ಟಿ ನಿಲ್ಲಬೇಕಲ್ಲ? ನಿಲ್ಲಿಸುವ ಲಗಾಮು ಈಗಷ್ಟೇ ಇಕ್ಕಳಕ್ಕೆ ಬಲಿಯಾಗಿತ್ತು. ಹಳಿ ಮುಗಿದರೂ ರೈಲು ಮುಗಿಯಲಿಲ್ಲ. ನೇರ ಹಿಟ್ಟಿನ ಗುಡ್ಡೆಗೆ ನುಗ್ಗಿ, ಅಂಗಾತ ಬಿದ್ದು, ಗಾಲಿ ಗಿರಗಿರ ತಿರುಗಿಸುತ್ತಾ ಹಿಟ್ಟನ್ನು ಎರಡೂ ಕಡೆ ತೂರತೊಡಗಿತು!

ಧೂಳು ಇಳಿದಾಗ ಕಂಡದ್ದು ಹೀಗೆ: ಈ ಕಡೆ ತೊಳೆದರೂ ಹೋಗದ ಕೀಲೆಣ್ಣೆಯಲ್ಲಿ ಕರ್ರಗಿನ ಗಂಡ, ಆ ಕಡೆ ನೆತ್ತಿಯಿಂದ ಮಡಿಲ ತನಕ ಬೆಳ್ಳಗಿನ ಹೆಂಡತಿ. ನಡುವೆ ನಗುವಂತಿಲ್ಲ, ನಗದಿರುವಂತಿಲ್ಲ ಎಂದು ದಾಡಿ ಕಚ್ಚಿಕೊಂಡು ನಿಂತ ಬಾಬುಸಾಬ.

"ನಮಾಜಿನ ಹೊತ್ತಾತು," ಎಂದವನೇ ಅವನು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಬಿದ್ದ.

"ದಾಟಿತಲ್ಲ!" ಎಂದ ನಿಜಗುಣಪ್ಪ, ಸಣ್ಣ ದನಿಯಲ್ಲಿ.

ರಾಯವ್ವ ರೆಪ್ಪೆಯ ಹಿಟ್ಟು ಒರೆಸಿಕೊಂಡಳು. "ಇನ್ನ ನಾ ಒಲ್ಲೆ."

"ಅಲ್ಲಾ, ಕವಲ ದಾಟಿ ತೋರಿಸಿದೆನಲ್ಲ!"

"ಅದಕ್ಕ ಒಲ್ಲೆ! ಮೊದಲ ಎಷ್ಟ ಶಾಣ್ಯಾ ಇತ್ರಿ ಅದು! ಎರಡ ದಾರಿ ಬಂದಲ್ಲಿ ತಾನ ನಿಂದರತಿತ್ತು. ಯಾವ ಕಡೆ ಹೋಗಲಿ ಅಂತ ವಿಚಾರ ಮಾಡತಿತ್ತು. ಕೈ ಹಚ್ಚಿದ ಮ್ಯಾಲ ಮತ್ತ ಹೊಂಡತಿತ್ತು. ಇದು ನಮ್ಮ ಕೃಷ್ಣವ್ವನ್ನ ಜ್ವಾಪಾನ ಮಾಡೀತು ಅಂತ ಮೊದಲನೇ ದಿನಾನ ನನ್ನ ಅಂಜಿಕಿ ಹೋಗಿತ್ತು. ನೀವು ಅದನ್ನ ಬಡದು, ಬೈದು, ನಾಲಗಿ ಕಿತ್ತು ನಿಮ್ಮಂಗನ ಮಾಡಿ ಇಟ್ರಿ! ನೋಡ್ರಿ, ಈಗ ಹಿಂದ ಮುಂದ ನೋಡದ ಸಿಟ್ಟಿಲೆ ಓಡಿ ಹೆಣ್ಣಮಕ್ಕಳ ಮೈಮ್ಯಾಲ ಬರಾಕ ಹತ್ತೈತಿ!"

"ಮೊದಲನೇ ದಿನಾನ... ಅಂಜಿಕಿ ಹೋಗಿತ್ತು?"

"ಮತ್ತ ಈ ಸಜ್ಜಿ ಹಿಟ್ಟು ಯಾರ ಸಲುವಾಗಿ ಬೀಸಾಕ ಹತ್ತಿದ್ದೆ ಅಂದಕೊಂಡ್ರಿ? 'ಕುಬಸದ ಬುತ್ತಿಗೆ ಸಜ್ಜಿ ರೊಟ್ಟಿ ಅವ್ವಾ, ಎಳ್ಳ ಹಚ್ಚಿದ್ದು' ಅಂತ ಹೇಳಿ ಕಳಸ್ಯಾಳ ಮಗಳು." ಅವಳು ಸೆರಗಿನ ಹಿಟ್ಟು ಕೊಡವಿದಳು. "ಈಗ ರೊಟ್ಟೀನೂ ಇಲ್ಲ, ಮಗಳೂ ಇಲ್ಲ."

ಬಿಳಿಯ ಗಲ್ಲದ ಮೇಲೆ ಒಂದು ಸಣ್ಣ ಒದ್ದೆ ಗೆರೆ ಇಳಿಯಿತು. ಅದನ್ನು ನೋಡಿದ ನಿಜಗುಣಪ್ಪ ಒದರಲಿಲ್ಲ. ಎದ್ದೂ ಹೋಗಲಿಲ್ಲ. ಮತ್ತೆ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿದ.

ಮೊದಲು ಮುರಿದ ನಾಲಗೆಯನ್ನು ಹುಡುಕಿದ. ಎತ್ತುಗಳ ಕಾಲ ಕೆಳಗೆ, ಕಣಕಿಯ ನಡುವೆ ಸಿಕ್ಕಿತು. ಅದನ್ನು ಅರಗು ಕರಗಿಸಿ ಅಂಟಿಸಿದ. ರೈಲು ಕವಲು ದಾಟಿ ಹೋಯಿತು. ದಾರ ಸುತ್ತಿ ಕಟ್ಟಿದ. ದಾಟಿ ಹೋಯಿತು. ಕವಲಿನ ಮೇಲೊಂದು ಕಡ್ಡಿ ಇಟ್ಟ. ಕಡ್ಡಿಯನ್ನೂ ದಾಟಿ ಹೋಯಿತು! ನಿಂತ ರೈಲನ್ನು ಓಡಿಸಲು ಊರಿನ ಬೈಗುಳವನ್ನೆಲ್ಲ ಖರ್ಚು ಮಾಡಿದ್ದವನು ಈಗ ಓಡುವ ರೈಲಿನ ಹಿಂದೆ ಮೊಣಕಾಲೂರಿ ಹರಿದಾಡುತ್ತಾ, "ನಿಂದ್ರೋ ನಮ್ಮಪ್ಪಾ, ನಿಂದ್ರು! ಒಂದ ಸಲ ನಿಂದ್ರು! ವಿಚಾರ ಮಾಡೋ ನನ್ನ ಬಂಗಾರಾ!" ಎಂದು ಬೇಡಿಕೊಳ್ಳುತ್ತಿದ್ದ. ಪ್ರತಿ ಸಲ ಮಿರಜಿಯಲ್ಲಿ ಹಿಡಿದು, ಮತ್ತೆ ಬೆಳಗಾವಿಗೆ ತಂದು, ಮೆಲ್ಲಗೆ ಇಟ್ಟು, ಮೆಲ್ಲಗೆ ಚಾವಿ ಕೊಡುತ್ತಿದ್ದ. ದೀಪ ಹಚ್ಚುವ ಹೊತ್ತಾಯಿತು.

ರಾಯವ್ವ ದೀಪ ತಂದು ಅವನ ಪಕ್ಕದಲ್ಲಿಟ್ಟಳು.

"ಏಳ್ರಿ ಮ್ಯಾಲ. ಮಣಕಾಲ ಕೆತ್ತಿ ರಕ್ತಾ ಬಂದೈತಿ."

"ಇರು. ನಿಂದ್ರಸ್ತೇನಿ. ಮೊದಲಿನಂಗ ಶಾಣ್ಯಾ ಮಾಡತೇನಿ ಅದನ್ನ."

"ಬ್ಯಾಡ ಬಿಡ್ರಿ." ಅವಳು ಸೆರಗಿನ ತುದಿ ಒದ್ದೆ ಮಾಡಿ ಅವನ ಮೊಣಕಾಲು ಒರೆಸಿದಳು. "ನಿಮ್ಮ ಮನಿಗೆ ಬಂದಾಗಿಂದ ನೋಡೇನಿ. ನೀವು ಒಂದ ಕೆಲಸಾ ಇಷ್ಟೊತ್ತ ಒದರದ ಮಾಡಿದ್ದು ಇವತ್ತ ಮೊದಲು. ನೀವ ಸುಧಾರಸ್ತೀರಿ ಅಂದಮ್ಯಾಲ ಆ ರೈಲಿಗೇನ ಧಾಡಿ? ಹೋಗೂಣ ನಡೀರಿ, ಮಗಳನ್ನ ಕರಕೊಂಡ ಬರೂಣು. ಮುಂಜಾನೆದ್ದ ಮತ್ತ ಸಜ್ಜಿ ಬೀಸತೇನಿ."

ನಿಜಗುಣಪ್ಪ ಎದ್ದು ಕೂತ. ಎದೆ ನಿಧಾನವಾಗಿ ಹಿಗ್ಗತೊಡಗಿತು. ಮೀಸೆಯ ಮೇಲೆ ಕೈ ಹೋಯಿತು. ಕೈಗೆ ಕೀಲೆಣ್ಣೆ ಹತ್ತಿತು.

"ನಾ ಹೇಳಲಿಲ್ಲೇನು! ನಿನ್ನ ಅಂಜಿಕಿ ರಿಪೇರಿ ಮಾಡತೇನಿ ಅಂತ!"

"ಹೂಂ. ಅದಿರಲಿ, ಒಂದಷ್ಟ ತಿಳಿಸಿ ಹೇಳ್ರಿ. ಅದರಾಗ ಕುಂತವರು ಏನ ಹಿಡಕೋಬೇಕು?"

"ಹಿಡಕೋಳೂದ ಏನೈತಿ? ಅಲುಗಾಡದಂಗ ಹಗ್ಗಾ ಹಾಕಿ ಬಿಗೀತಾರ."

"ಮಂದಿಗೆ?"

"ಮ್ಯಾಲ ತಾಡಪತ್ರಿ ಹೊಚ್ಚತಾರ. ಮಳಿ ಬಂದರ ಒಂದ ಹನಿ ಬೀಳೂದಿಲ್ಲ. ಅದಕೂ ಮೊದಲ ತೂಕಕ್ಕ ಹಾಕಿ, ಬೆನ್ನ ಮ್ಯಾಲ ಕರೇ ಬಣ್ಣದಾಗ ಅಂಕಿ ಬರೀತಾರ."

ರಾಯವ್ವ ಒರೆಸುವ ಕೈ ನಿಲ್ಲಿಸಿದಳು. "ನನ್ನ ಬೆನ್ನ ಮ್ಯಾಲೇನ್ರಿ?"

ನಿಜಗುಣಪ್ಪ ಕೀಲೆಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ದೀಪದ ಬೆಳಕಲ್ಲಿ ಅವಳು ಅವನನ್ನೇ ನೋಡುತ್ತಿದ್ದಳು.

"ಖರೇ ಹೇಳ್ರಿ. ಇಷ್ಟ ವರ್ಷದಾಗ ನೀವು ಎಂದರ ಆ ರೈಲ ಹತ್ತೀರೇನು?"

"ಹತ್ತಿ ಅಂಡಿಗಿ ಏರಿಸಿ ಕೊಟ್ಟಮ್ಯಾಲ ನನ್ನ ಕೆಲಸಾ ಮುಗೀತಿತ್ತು," ಎಂದ ನಿಜಗುಣಪ್ಪ, ಗೋದಲಿಯ ಕಡೆ ನೋಡುತ್ತಾ. "ಅದು ಸೀಟಿ ಹೊಡದ ಕೂಡಲೇ ಎತ್ತು ಬೆದರತಿದ್ದುವು. ಅದಕ್ಕ ಗೇಟಿನ ಹೊರಗ ದೂರ ನಿಂದರತಿದ್ದೆ."

"ಎತ್ತು ಬೆದರತಿದ್ದುವು?"

ಅವನು ನೆಲದ ಮೇಲಿನ ಇಂಜಿನ್ನನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಎತ್ತೂ ಬೆದರತಿದ್ದುವು," ಎಂದ.

ರಾಯವ್ವ ನಗಲಿಲ್ಲ. ಅವನ ಮೀಸೆಗೆ ಹತ್ತಿದ ಕೀಲೆಣ್ಣೆಯನ್ನು ಅದೇ ಸೆರಗಿನಿಂದ ಮೆಲ್ಲಗೆ ಒರೆಸಿದಳು.

"ಹಂಗಾದರ ಕಿಡಕಿ ಕಡೆ ನಾ ಕುಂಡ್ರತೇನಿ," ಎಂದಳು. "ನೀವು ಒಳಗ ಬುತ್ತಿ ಬುಟ್ಟಿ ಹಿಡಕೊಂಡ ಕುಂಡ್ರರಿ. ಕವಲ ಬಂದಾಗ ಹೇಳತೇನಿ, ಕಣ್ಣ ಮುಚ್ಚಿಕೋರಿ."